ಒಂದು ಗಂಟೆ ಮುಂಚಿನ ಬೋಗಿ

ನಾನು ಅನುಮಾನದ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಆಮೇಲೆ ನೀವೇ ಕಂಡುಕೊಂಡು ಬೆನ್ನ ಹಿಂದೆ ಆಡಿಕೊಳ್ಳುವುದು ಬೇಡ. ಹಾಲಿನವಳು ತಂದ ಹಾಲಿಗೆ ಬೆರಳು ಅದ್ದಿ ನೋಡುತ್ತೇನೆ, ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗುತ್ತೇನೆ, ಬೇರೆಯವರು ತೊಳೆದಿಟ್ಟ ಪಾತ್ರೆಯನ್ನು ಮತ್ತೆ ತೊಳೆಯುತ್ತೇನೆ. ಹೆಸರು ಕಿಟ್ಟಪ್ಪ, ಕಸುಬು ಮದುವೆ ಮನೆಯ ಅಡುಗೆ. ಜೊತೆಗಾರ ಪದ್ದು. ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ನಿಂತು ಇಬ್ಬರ ಹುಬ್ಬೂ ಒಂದೇ ರೀತಿ ಸುಟ್ಟಿವೆ.

ನಮ್ಮೂರಿನಲ್ಲಿ ಛತ್ರವಿಲ್ಲ. ಮದುವೆಗಳೆಲ್ಲ ಆಚೆ ಊರಿನಲ್ಲಿ, ರೈಲಿನಲ್ಲಿ ಹೋಗಬೇಕು. ಬೆಳಗ್ಗೆ ಆರಕ್ಕೆ ಹೊರಡುವ ರೈಲಿಗೆ ಎಂಜಿನ್ನಿನ ಹಿಂದೆಯೇ ಒಂದು ಫಸ್ಟ್ ಕ್ಲಾಸ್ ಬೋಗಿ, ಅದರ ಹಿಂದೆ ಐದು ಸಾಧಾರಣ ಬೋಗಿ. ಎಲ್ಲವೂ ಒಟ್ಟಿಗೇ ಹೊರಡುತ್ತವೆ, ದಾರಿಯಲ್ಲಿ ಎಲ್ಲೂ ಕೊಂಡಿ ಬಿಚ್ಚುವುದಿಲ್ಲ. ಫಸ್ಟ್ ಕ್ಲಾಸಿನವರು ಎಂಟಕ್ಕೆ ಇಳಿಯುತ್ತಾರೆ, ಉಳಿದವರು ಒಂಬತ್ತಕ್ಕೆ. ಎಂಟಕ್ಕೆ ಇಳಿದು ಹಿಂದೆ ತಿರುಗಿ ನೋಡಿದರೆ ಬರೀ ಹಳಿ, ಅದರ ಮೇಲೆ ಒಂದೆರಡು ಕಾಗೆ.

ಇದಕ್ಕೆ ನಮ್ಮ ಜನ ಯಾವತ್ತೋ ಒಗ್ಗಿಹೋಗಿದ್ದಾರೆ. ಗಂಡಿನ ಕಡೆಯವರು ಒಬ್ಬ ಚಿಕ್ಕಪ್ಪನನ್ನು ಫಸ್ಟ್ ಕ್ಲಾಸಿನಲ್ಲಿ ಕಳಿಸಿ, ಹೆಣ್ಣಿನ ಕಡೆಯವರು ಹೇಳಿದಂತೆ ಚಪ್ಪರ ಹಾಕಿಸಿದ್ದಾರೋ ಇಲ್ಲವೋ ನೋಡಿಸಿಕೊಳ್ಳುತ್ತಾರೆ. ಜಗಳವಾಡಿದ ಗಂಡ ಹೆಂಡತಿ ಒಬ್ಬರು ಮುಂದೆ, ಒಬ್ಬರು ಹಿಂದೆ ಹತ್ತುತ್ತಾರೆ. ಒಂಬತ್ತಕ್ಕೆ ಮತ್ತೆ ಸೇರುವಾಗ ಒಬ್ಬರ ಸಿಟ್ಟು ಇಳಿದಿರುತ್ತದೆ, ಇನ್ನೊಬ್ಬರದು ಇಳಿಯಲು ಒಂದು ಗಂಟೆ ಬಾಕಿ ಇರುತ್ತದೆ. ಜಗಳ ಪ್ಲಾಟ್‌ಫಾರಮ್ಮಿನಲ್ಲೇ ಮತ್ತೆ ಶುರು.

ಆ ಬೋಗಿಗೆ ಒಂದು ಕಟ್ಟಳೆಯಿದೆ. ಅಲ್ಲಿ ಕಂಡವರನ್ನು ಕಂಡೆ ಅನ್ನಬಾರದು. ಆ ಒಂದು ಗಂಟೆ ಅವರವರ ಸ್ವಂತದ್ದು, ಅದರಲ್ಲಿ ಏನು ಮಾಡಿದೆ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ, ಹತ್ತು ವರ್ಷ ಬಿಟ್ಟೂ ಕೇಳುವಂತಿಲ್ಲ. ಎದುರು ಕೂತವನು ನಿಮ್ಮ ಭಾವಮೈದುನನೇ ಆಗಿರಲಿ, ನೀವು ಕಿಟಕಿಯಾಚೆ ನೋಡಬೇಕು. ಹೀಗಾಗಿ ಎಲ್ಲಿ ರಾಗಿ ತೆನೆ ಕಟ್ಟಿದೆ, ಯಾವ ಕಟ್ಟೆಯ ನೀರು ಎಷ್ಟು ಇಳಿದಿದೆ, ಯಾರ ಹೊಲಕ್ಕೆ ಕುರಿ ಮಂದೆ ಬಿದ್ದಿದೆ ಎಂಬುದೆಲ್ಲ ನಮ್ಮೂರಿನ ರೈತರಿಗಿಂತ ಚೆನ್ನಾಗಿ ಫಸ್ಟ್ ಕ್ಲಾಸಿನವರಿಗೆ ಗೊತ್ತು.

ನಮ್ಮ ಕಸುಬಿಗಂತೂ ಆ ಗಂಟೆ ಬಲು ಅಗತ್ಯ. ಮಧ್ಯಾಹ್ನ ಹನ್ನೆರಡೂವರೆಗೆ ಎಲೆ ಹಾಕಬೇಕು. ಪದ್ದು ಮುಂಚೆ ಹೋಗಿ ಒಲೆ ಹಚ್ಚಿ ಎಸರಿಡುತ್ತಾನೆ, ನಾನು ಹಿಂದಿನ ಬೋಗಿಯಲ್ಲಿ ಪಾತ್ರೆಗಳೊಂದಿಗೆ ಬರುತ್ತೇನೆ. ಛತ್ರದಲ್ಲೂ ಪಾತ್ರೆಗಳಿವೆ, ಆದರೆ ಅವುಗಳ ಕಲಾಯಿಯ ಮೇಲೆ ನನಗೆ ನಂಬಿಕೆಯಿಲ್ಲ. ನಮ್ಮ ಕೊಪ್ಪರಿಗೆಗಳನ್ನು ಫಸ್ಟ್ ಕ್ಲಾಸಿಗೆ ಹತ್ತಿಸಲು ಬಿಡುವುದಿಲ್ಲ. ಹಾಗಾಗಿ ವರ್ಷಗಟ್ಟಲೆ ಪದ್ದು ಮುಂದೆ, ನಾನು ಹಿಂದೆ.

ದಸರಾ ಮುಗಿದ ಮೇಲಿನ ಮೊದಲ ಮದುವೆಯಲ್ಲಿ ನನಗೆ ಬೂದಿ ಕಣ್ಣಿಗೆ ಬಿತ್ತು. ಒಂದು ಗಂಟೆ ಉರಿದ ಒಲೆಯಲ್ಲಿ ಬೂದಿ ನಾಲ್ಕು ಬೆರಳಾದರೂ ಇರಬೇಕು, ಕೆಂಡ ನಿಗಿನಿಗಿ ಅನ್ನಬೇಕು. ಅಲ್ಲಿ ಇದ್ದದ್ದು ಒಂದು ಹಿಡಿ ಬೂದಿ. ಸೌದೆಯ ತುದಿ ಇನ್ನೂ ಕಪ್ಪಾಗಿರಲಿಲ್ಲ.

"ಏನೋ ಪದ್ದು, ಒಲೆ ಈಗ ಹಚ್ಚಿದ ಹಾಗಿದೆಯಲ್ಲ?"

"ಸೌದೆ ಹಸಿ ಕಣೋ. ಹತ್ತಿಕೊಳ್ಳೋಕ್ಕೇ ಅರ್ಧ ಗಂಟೆ ಆಯ್ತು."

ಅವನು ಅತ್ತ ಹೋದ ಮೇಲೆ ಒಂದು ಸೌದೆ ಎತ್ತಿ ನೆಲಕ್ಕೆ ಕುಟ್ಟಿ ನೋಡಿದೆ. ಠಣ್ಣೆಂದಿತು. ಅಷ್ಟು ಒಣ ಸೌದೆ ನಮ್ಮ ಮನೆಯಲ್ಲೂ ಇಲ್ಲ. ಮುಂದಿನ ಮದುವೆಯಲ್ಲೂ ಅಷ್ಟೇ, ಅದರ ಮುಂದಿನದರಲ್ಲೂ ಅಷ್ಟೇ. ನಾಲ್ಕು ತಿಂಗಳು ನಾನು ಬಾಯಿ ಬಿಡದೆ ಬೂದಿ ಅಳೆದೆ. ಪದ್ದು ಆ ಗಂಟೆಯಲ್ಲಿ ಒಲೆಯ ಹತ್ತಿರ ಇರುತ್ತಿಲ್ಲ, ಅಷ್ಟು ಖಂಡಿತ. ಹಾಗಾದರೆ ಎಲ್ಲಿರುತ್ತಾನೆ?

ನನ್ನ ತಲೆ ನೇರವಾಗಿ ಸೂರಪ್ಪನ ಹತ್ತಿರ ಹೋಗಿ ನಿಂತಿತು. ಸೂರಪ್ಪ ಆಚೆ ಊರಿನ ಅಡುಗೆಯವನು, ಎಂಟು ಜನರನ್ನು ಇಟ್ಟುಕೊಂಡು ದೊಡ್ಡದಾಗಿ ನಡೆಸುತ್ತಾನೆ. ಪದ್ದುವಿನಂಥ ಕೈ ಸಿಕ್ಕರೆ ಬಿಡುವವನಲ್ಲ. ಪದ್ದು ಅವನ ಕಡೆ ಸೇರಿದರೆ ನನ್ನ ಕಥೆ ಮುಗಿಯಿತು. ಒಬ್ಬನೇ ಮುನ್ನೂರು ಜನಕ್ಕೆ ಬಡಿಸುವ ವಯಸ್ಸು ನನ್ನದಲ್ಲ. ಅದಿರಲಿ, ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ; ಲೋಕದಲ್ಲಿ ನನ್ನವನು ಅಂತ ಇರುವವನು ಪದ್ದು ಒಬ್ಬನೇ. ಅವನನ್ನು ಕಳೆದುಕೊಳ್ಳುವ ಭಯಕ್ಕೆ ನನಗೆ ಊಟ ಸೇರುತ್ತಿರಲಿಲ್ಲ. ಅವನ ಮುಖ ನೋಡಿದರೆ ಮಾತ್ರ ಸಿಟ್ಟೇ ಬರುತ್ತಿತ್ತು.

ಇನ್ನೊಂದು ವಿಷಯವೂ ಇತ್ತು: ಸಾರಿನ ಪುಡಿ. ನಮ್ಮ ಹೆಸರು ನಿಂತಿರುವುದೇ ಅದರ ಮೇಲೆ. ಅದರ ಅಳತೆ ಹೇಳಿಕೊಟ್ಟವರು ರುಕ್ಕತ್ತೆ. ನಮ್ಮಿಬ್ಬರಿಗೂ ಸೌಟು ಹಿಡಿಯುವುದನ್ನು ಕಲಿಸಿದವರೇ ಅವರು; ರಕ್ತಸಂಬಂಧವಿಲ್ಲದಿದ್ದರೂ ಎಲ್ಲರಿಗೂ ಅತ್ತೆ. ಹನ್ನೊಂದು ವರ್ಷದ ಹಿಂದೆ ಯಾವುದೋ ಮದುವೆಯಲ್ಲಿ ಸೂರಪ್ಪನ ಸಾರು ಉಂಡೆ. ನಮ್ಮದೇ ರುಚಿ. ಅತ್ತೆ ಅವನಿಗೆ ಅಳತೆ ಮಾರಿಕೊಂಡಿದ್ದಾರೆ ಎಂದು ನನಗೆ ಅನುಮಾನ ಬಂತು. ಬಂದ ಅನುಮಾನವನ್ನು ಹೊಟ್ಟೆಯಲ್ಲಿಟ್ಟುಕೊಳ್ಳದೆ, ನಾವು ಅಡುಗೆ ಮಾಡಿದ ಮುಂದಿನ ಮದುವೆಯಲ್ಲೇ, ನೆಂಟರಿಷ್ಟರು ತುಂಬಿದ್ದ ಪಂಕ್ತಿಯಲ್ಲಿ, ಬಡಿಸುತ್ತಿದ್ದ ಅವರ ಮುಖದ ಮೇಲೇ ಹೇಳಿದೆ. ಅವರು ಕೈಯಲ್ಲಿದ್ದ ಸೌಟನ್ನು ನನ್ನ ಕೈಗಿಟ್ಟು ಹೊರಟುಹೋದರು. ಎರಡು ವರ್ಷದ ಮೇಲೆ ತಿಳಿಯಿತು, ಸೂರಪ್ಪ ನಮಗಿಂತ ಮುಂಚೆಯೇ ಅತ್ತೆಯ ಹತ್ತಿರ ಕಲಿತವನಂತೆ. ಹುಡುಕಿಕೊಂಡು ಹೋಗಿ ಕಾಲಿಗೆ ಬೀಳಬೇಕಿತ್ತು. ಎಲ್ಲಿದ್ದಾರೋ ಏನೋ ಎಂದುಕೊಂಡು ಸುಮ್ಮನಾದೆ. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆಯಾಗುತ್ತದೆ.

ಇರಲಿ. ಮಾಘದ ಮೊದಲ ಮದುವೆಯ ದಿನ ನಾನು ಗಟ್ಟಿಮನಸ್ಸು ಮಾಡಿದೆ. ಪದ್ದು ಎಂದಿನಂತೆ ನನ್ನನ್ನು ಪಾತ್ರೆಗಳೊಂದಿಗೆ ಮೂರನೇ ಬೋಗಿಗೆ ಹತ್ತಿಸಿ ತಾನು ಮುಂದಕ್ಕೆ ಹೋದ. ನನ್ನ ಜೇಬಿನಲ್ಲಿ ಆಗಲೇ ಒಂದು ಫಸ್ಟ್ ಕ್ಲಾಸ್ ಟಿಕೇಟು ಇತ್ತು. ಪಕ್ಕದಲ್ಲಿ ಕೂತಿದ್ದ ಬಳೆಗಾರ್ತಿಗೆ, "ಸ್ವಲ್ಪ ನೋಡ್ಕೊಳ್ತಿರಮ್ಮ, ಬಂದೆ" ಎಂದು ಹೇಳಿ ಇಳಿದುಬಿಟ್ಟೆ. ಎಂಟಕ್ಕೆ ಅಲ್ಲಿಳಿದು, ಪದ್ದು ಎಲ್ಲಿ ಹೋಗುತ್ತಾನೋ ನೋಡಿ, ಒಂಬತ್ತಕ್ಕೆ ಪ್ಲಾಟ್‌ಫಾರಮ್ಮಿಗೆ ವಾಪಸು ಬಂದು ಪಾತ್ರೆ ಇಳಿಸಿಕೊಳ್ಳುವುದು ನನ್ನ ಲೆಕ್ಕಾಚಾರ. ಹಾಲಿಗೆ ಬೆರಳು ಅದ್ದಿ ನೋಡುವ ನಾನು, ಇಪ್ಪತ್ತಾರು ವರ್ಷದ ಕೊಪ್ಪರಿಗೆಗಳನ್ನು ಹೆಸರೂ ಗೊತ್ತಿಲ್ಲದ ಹೆಂಗಸಿಗೆ ಒಪ್ಪಿಸಿ ಹೋದೆ. ಅನುಮಾನ ಹೀಗೆಯೇ, ಒಬ್ಬನ ಮೇಲೆ ಪೂರ್ತಿ ಖರ್ಚಾದರೆ ಬೇರೆಯವರಿಗೆ ಅಂತ ಏನೂ ಉಳಿಯುವುದಿಲ್ಲ.

ಫಸ್ಟ್ ಕ್ಲಾಸನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು. ಹಸಿರು ಮೆತ್ತೆಯ ಆಸನಗಳು ಎದುರುಬದುರಾಗಿದ್ದವು. ಮೂಲೆಯಲ್ಲೆಲ್ಲೋ ಅಡಗಿ ಕೂರೋಣ ಎಂದುಕೊಂಡಿದ್ದೆ. ಖಾಲಿ ಇದ್ದದ್ದು ಒಂದೇ ಜಾಗ, ಪದ್ದುವಿನ ಎದುರಿಗೆ. ಕೂತೆ. ಅವನು ತಲೆಯೆತ್ತಿ ನೋಡಿದ. ಬಣ್ಣ ಹಾರಿದ ಮುಖ ಅಂದರೆ ಏನು ಎಂದು ಅವತ್ತು ಕಂಡೆ. ಅವನ ಕಣ್ಣು ನನ್ನ ಮೇಲೆ, ನನ್ನ ಬರಿಗೈ ಮೇಲೆ, ಮತ್ತೆ ನನ್ನ ಮೇಲೆ ಓಡಾಡಿತು. ಬಾಯಿ ತೆರೆಯಲು ಹೋದವನು ಕಟ್ಟಳೆ ನೆನಪಾಗಿ ಮುಚ್ಚಿಕೊಂಡು, ಕಿಟಕಿಯ ಕಡೆ ತಿರುಗಿದ. ಸಿಕ್ಕಿಬಿದ್ದ ಕಳ್ಳ, ಎಂದುಕೊಂಡೆ ನಾನು.

ಎರಡು ಗಂಟೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು ಒಬ್ಬರನ್ನೊಬ್ಬರು ನೋಡದೆ ಹೋದೆವು. ಆಚೆ ಬದಿಯಲ್ಲಿ ನಮ್ಮೂರಿನ ಹೆಡ್‌ಮಾಸ್ತರರು ಹೊಸ ಧೋತರ ಉಟ್ಟು, ಹೂ ಮುಡಿಯದ ಗಂಡಸಿನ ಕೈಯಲ್ಲಿ ಇರಬಾರದಷ್ಟು ಮಲ್ಲಿಗೆ ಹಿಡಿದು ಕೂತಿದ್ದರು. ನಾನು ಅವರನ್ನು ಕಾಣಲಿಲ್ಲ, ಅವರು ನನ್ನನ್ನು ಕಾಣಲಿಲ್ಲ. ಹೊರಗೆ ಹುಚ್ಚೆಳ್ಳಿನ ಹಳದಿ ಹೊಲಗಳು ಹೋದವು. ಹರಳು ಗಿಡಗಳ ಸಾಲು ಹೋಯಿತು. ಗೇಟಿನವನ ಹೆಂಡತಿ ಹಳಿಯ ಪಕ್ಕದಲ್ಲೇ ಮೆಣಸಿನಕಾಯಿ ಹರವಿದ್ದಳು. ಒಂದು ಕುರಿ ಅದನ್ನು ಮೂಸಿ ಸೀನಿತು. ಬೇರೆ ದಿನವಾಗಿದ್ದರೆ ಪದ್ದುವಿಗೆ ತೋರಿಸಿ ನಗುತ್ತಿದ್ದೆ. ಅವನೂ ನೋಡಿದ ಎಂದು ಗೊತ್ತು, ಅವನ ಮೀಸೆ ಒಂಚೂರು ಅಲುಗಿತು. ನಾನೂ ನಗು ಬಾರದಂತೆ ತುಟಿ ಕಚ್ಚಿಕೊಂಡೆ.

ಅಷ್ಟರಲ್ಲಿ ಅವನು ಅಂಗಿಯ ಜೇಬಿಗೆ ಕೈ ಹಾಕಿ ಏನನ್ನೋ ಒಳಕ್ಕೆ ಒತ್ತಿದ. ಬಾಳೆಲೆಯ ಪೊಟ್ಟಣ. ಅದರ ತುದಿ ಬಿಚ್ಚಿಕೊಂಡು ಘಮ್ಮೆಂದು ವಾಸನೆ ಬಂತು. ಇಡೀ ಲೋಕದಲ್ಲಿ ಆ ವಾಸನೆ ಗುರುತು ಹಿಡಿಯಲು ನನಗಿಂತ ಬೇರೆ ಸಾಕ್ಷಿ ಬೇಡ. ಹಿಂದಿನ ಸಂಜೆ ನಾನೇ ಹುರಿದು ಕುಟ್ಟಿದ ಸಾರಿನ ಪುಡಿ. ನಗು ಅಲ್ಲಿಗೇ ನಿಂತಿತು. ಅಳತೆ ಸೂರಪ್ಪನಿಗೆ ಗೊತ್ತಿದ್ದರೇನು, ಪುಡಿ ಒಯ್ದು ತನ್ನದೇ ಕೈ ಎಂದು ರುಚಿ ತೋರಿಸಿ ಅವನ ಕಡೆ ಸೇರುತ್ತಿದ್ದಾನೆ, ಇನ್ನೇನು ಬೇಕು? ಉಳಿದ ದಾರಿಯುದ್ದಕ್ಕೂ ಅವನಿಗೆ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಬರೆದು, ಅಳಿಸಿ, ಇನ್ನೂ ಖಾರ ಹಾಕಿ ಬರೆದೆ.

ಎಂಟಕ್ಕೆ ಇಳಿದೆವು. ಪದ್ದು ಬಿರಬಿರನೆ ಗೇಟಿನವರೆಗೆ ಹೋದ. ನಾನು ಪಾರ್ಸೆಲ್ ಮೂಟೆಗಳ ಮರೆಯಲ್ಲಿ ನಿಂತೆ. ಗೇಟಿನಲ್ಲಿ ಅವನು ತಡೆದು ನಿಂತ. ಸ್ಟೇಷನ್ ಹಿಂದಿನ ಓಣಿಯ ಕಡೆ ನೋಡಿದ, ಖಾಲಿ ಹಳಿಯ ಕಡೆ ನೋಡಿದ, ಮತ್ತೆ ಓಣಿಯ ಕಡೆ ನೋಡಿದ. ಆಮೇಲೆ ಹಿಂದಿರುಗಿ ಬಂದು ಬೆಂಚಿನ ಮೇಲೆ ಕೂತುಬಿಟ್ಟ. ಸೂರಪ್ಪ ಇಲ್ಲಿಗೇ ಬರುತ್ತಾನೆ ಎಂದುಕೊಂಡು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ಯಾರೂ ಬರಲಿಲ್ಲ. ಪದ್ದು ಎರಡು ಸಲ ಪೊಟ್ಟಣ ಹೊರಗೆ ತೆಗೆದ, ನೋಡಿದ, ಒಳಗಿಟ್ಟ. ಒಂದು ಗಂಟೆ ಅವನು ಬೆಂಚಿನ ಮೇಲೆ, ನಾನು ಮೂಟೆಯ ಹಿಂದೆ. ಇಬ್ಬರು ಅಡುಗೆಯವರು, ಹಚ್ಚದ ಒಂದು ಒಲೆ.

ಒಂಬತ್ತಕ್ಕೆ ಹಿಂದಿನ ಬೋಗಿಗಳು ಬಂದವು. ಅಲ್ಲಿ ಗಾಡಿ ನಿಲ್ಲುವುದು ಎರಡೇ ನಿಮಿಷ. ನಾನು ಮೂಟೆಗಳನ್ನು ದಾಟಿ ಬರುವಷ್ಟರಲ್ಲಿ ಪದ್ದು ಮೂರನೇ ಬೋಗಿಗೆ ನುಗ್ಗಿ ಪಾತ್ರೆಗಳನ್ನು ಒಂದೊಂದಾಗಿ ಕೆಳಗೆ ಇಡುತ್ತಿದ್ದ. ಕೊನೆಯ ಜಾಲರಿಯನ್ನು ಬಳೆಗಾರ್ತಿ ಕಿಟಕಿಯಿಂದ ಕೊಟ್ಟಳು. ನಾನು ಇಳಿಯುವವರ ಗುಂಪಿನಲ್ಲಿ ಸೇರಿಕೊಂಡು, ಆಗ ತಾನೇ ಬಂದವನಂತೆ ಮುಂದೆ ಬಂದೆ.

"ಬಂದ್ಯಾ?" ಎಂದ ಪದ್ದು.

"ಬಂದೆ" ಎಂದೆ.

ಅಷ್ಟೇ. ಕಟ್ಟಳೆ ಮುರಿಯುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಬರೆದಿಟ್ಟುಕೊಂಡಿದ್ದ ಖಾರದ ಮಾತೆಲ್ಲ ಹೊಟ್ಟೆಯಲ್ಲೇ ಉಳಿಯಿತು.

ಅವತ್ತಿನ ಅಡುಗೆ ಓಟದ ಅಡುಗೆ. ಎಲೆ ಹಾಕಿದ್ದು ಒಂದೂಕಾಲಕ್ಕೆ. ಅದಕ್ಕಿಂತ ಹೆಚ್ಚಿನ ಅವಮಾನ ಸಾರಿನದು. ಮೊದಲ ಪಂಕ್ತಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಒಂದು ತುತ್ತು ಕಲಸಿ ಬಾಯಿಗಿಟ್ಟು, "ಕಿಟ್ಟಪ್ಪನೋರೇ, ಸಾರು ಯಾಕೋ ನಾಲಿಗೆ ಮೇಲೆ ಕಹಿ ನಿಲ್ತಿದೆ" ಎಂದರು. ಎರಡನೇ ಸಲ ಸಾರು ಕೇಳಿದವರು ಬೆರಳೆಣಿಕೆಯಷ್ಟು. ಕೊಪ್ಪರಿಗೆಯಲ್ಲಿ ಅರ್ಧ ಉಳಿಯಿತು. ದಸರಾಕ್ಕೆ ಮುಂಚೆಯೂ ಹೀಗೆ ಆಗುತ್ತಿತ್ತು. ಆಗ ಕೊತ್ತಂಬರಿ ಬೀಜದ ವ್ಯಾಪಾರಿಯ ಮೇಲೆ ಅನುಮಾನಪಟ್ಟು ಅಂಗಡಿ ಬದಲಾಯಿಸಿದ್ದೆ. ದಸರಾ ಆದಮೇಲೆ ಸಾರು ಮತ್ತೆ ಮೊದಲಿನಂತಾಗಿ, ನನ್ನ ಕೈ ಪಳಗಿತು ಎಂದು ಬೀಗಿದ್ದೆ. ಈಗ ಮತ್ತೆ ಕಹಿ. ಇದು ಪದ್ದುವಿನದೇ ಕಿತಾಪತಿ ಎಂದು ಅವನ ಕಡೆ ತಿರುಗಿದೆ.

ಆಗಲೇ ಹಿತ್ತಲ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ನಲವತ್ತರ ವಯಸ್ಸು, ಕೈಯಲ್ಲಿ ಕೊಡೆ.

"ಪದ್ದಣ್ಣ, ಇವತ್ತು ಬರಲಿಲ್ವಲ್ಲ? ಅತ್ತೆ ಬೆಳಗಿನಿಂದ ಬಾಗಿಲಲ್ಲೇ ಕೂತಿದ್ದಾರೆ. ಪುಡಿ ಬಂದಿಲ್ಲ, ಪುಡಿ ಬಂದಿಲ್ಲ ಅಂತ ಕಾಫಿ ಕೂಡ ಕುಡಿದಿಲ್ಲ."

"ನಾಳೆ ಬರ್ತೀನಿ ಅಂತ ಹೇಳಮ್ಮ" ಎಂದ ಪದ್ದು, ನನ್ನ ಕಡೆ ನೋಡದೆ. ಅವಳು ಹೋದಳು.

"ಯಾವ ಅತ್ತೆ?" ಎಂದೆ. ನನಗೆ ಗೊತ್ತಾಗಿತ್ತು. ಆದರೂ ಕೇಳಿದೆ.

ಪದ್ದು ಸೌಟು ಕೆಳಗಿಟ್ಟ. "ಫಸ್ಟ್ ಕ್ಲಾಸಿನ ಮಾತು ಆಡಬಾರದು. ಆದ್ರೂ ಆಡ್ತೀನಿ. ರುಕ್ಕತ್ತೆ ಇಲ್ಲೇ ಸ್ಟೇಷನ್ ಹಿಂದೆ, ಅಣ್ಣನ ಮಗಳ ಮನೇಲಿದ್ದಾರೆ. ಈಗ ಬಂದು ಹೋದಳಲ್ಲ, ಅವಳೇ. ಅತ್ತೆಗೆ ಎರಡು ಕಣ್ಣೂ ಹೋಗಿದೆ. ದಸರಾದಲ್ಲಿ ನನಗೆ ಗೊತ್ತಾಯ್ತು. ನಿನ್ನ ಪುಡಿ ಕೆಡ್ತಾ ಇತ್ತು ಕಿಟ್ಟಪ್ಪ. ನಾನು ಹೇಳಿದ್ರೆ ನೀನು ನಂಬ್ತಿದ್ಯಾ? ಅದಕ್ಕೇ ಪ್ರತಿ ಮದುವೆ ದಿನ ಒಂದು ಪೊಟ್ಟಣ ಅವರ ಹತ್ರ ಒಯ್ತಿದ್ದೆ. ನಾಲಿಗೆಗೆ ಇಟ್ಕೊಂಡು, ಇವತ್ತು ಇಷ್ಟು ಕೊತ್ತಂಬರಿ ಬೀಜದ ಪುಡಿ ಸೇರಿಸು, ಇಷ್ಟು ಬೆಲ್ಲ ಹಾಕು ಅಂತ ಹೇಳೋರು. ನೀನು ಉಗ್ರಾಣಕ್ಕೆ ಹೋದಾಗ ಸೇರಿಸ್ತಿದ್ದೆ."

"ಇವತ್ತು ಯಾಕೆ ಹೋಗಲಿಲ್ಲ?"

"ನೀನು ನನ್ನೆದುರಿಗೆ ಬಂದು ಕೂತಿದ್ದೆಯಲ್ಲ ಮಾರಾಯ. ನೀನು ಇಲ್ಲಿದ್ರೆ ಪಾತ್ರೆ ಹತ್ರ ಯಾರು ಅಂತ ಎದೆ ಧಸಕ್ ಅಂತು. ನಾನು ಹೋದ್ರೆ ನೀನು ಹಿಂದೆ ಬರ್ತೀಯ. ಅತ್ತೆ ಮನೇಲಿ ನಿನ್ನ ನೋಡಿ ಅತ್ತು ಕರೆದು, ಒಂಬತ್ತು ದಾಟಿದ್ರೆ, ನಮ್ಮ ಪಾತ್ರೆ ಮುಂದಿನ ಊರಿಗೆ ಹೋಗಿರುತ್ತೆ. ಇಬ್ಬರಲ್ಲಿ ಒಬ್ಬನಾದ್ರೂ ಪ್ಲಾಟ್‌ಫಾರಮ್ಮಲ್ಲಿ ಇರಬೇಕಿತ್ತಲ್ಲ."

ಉಳಿದ ಸಾರನ್ನು ನಾನೇ ಒಂದು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದೆ. ಕಹಿಯೇ ಇತ್ತು. ಎರಡು ದಿನ ನಾವಿಬ್ಬರೂ ಬೇಕಾದಷ್ಟೇ ಮಾತಾಡಿದೆವು. ಮೂರನೇ ದಿನ ನಾನೇ ಅವನ ಮನೆ ಬಾಗಿಲಿಗೆ ಹೋಗಿ, "ಮುಂದಿನ ಮದುವೆಗೆ ಪಾತ್ರೆ ನೀನು ತಾ. ಫಸ್ಟ್ ಕ್ಲಾಸಿಗೆ ನಾನು ಹೋಗ್ತೀನಿ" ಎಂದೆ. ಪದ್ದು ಹಲ್ಲುಜ್ಜುತ್ತಿದ್ದ. ಬಾಯಿ ತುಂಬ ಪುಡಿ ಇಟ್ಟುಕೊಂಡೇ ತಲೆಯಾಡಿಸಿದ.

ಮುಂದಿನ ಮದುವೆ ಹದಿನೈದು ದಿನಕ್ಕೆ ಬಂತು. ಬಾಳೆಲೆಯ ಪೊಟ್ಟಣವನ್ನು ನನ್ನ ಅಂಗಿಯ ಜೇಬಿನಲ್ಲಿಟ್ಟುಕೊಂಡು ಹಸಿರು ಮೆತ್ತೆಯ ಮೇಲೆ ಕೂತೆ. ಕಿಟಕಿಯಾಚೆ ಹುಚ್ಚೆಳ್ಳು ಕೊಯ್ದು ಹೊಲ ಬೋಳಾಗಿತ್ತು. ಸ್ವಭಾವ ಎಲ್ಲಿ ಹೋಗುತ್ತದೆ? ಪದ್ದು ಪಾತ್ರೆಗಳ ಪಕ್ಕ ನಿದ್ದೆ ಹೋದರೆ ಎಂಬ ಅನುಮಾನ ಬಂತು. ಅತ್ತೆಗೆ ಅವನು ಮೊದಲೇ ನನ್ನ ವಿಷಯ ಹೇಳಿಟ್ಟಿದ್ದರೆ ಎಂಬ ಅನುಮಾನ ಬಂತು. ಅವರು ಬಾಗಿಲು ಹಾಕಿಕೊಂಡರೆ ಎಂಬ ಭಯ ಮಾತ್ರ ಅನುಮಾನವಾಗಿರಲಿಲ್ಲ, ಅದು ಬರೀ ಭಯ. ಗೇಟಿನವನ ಹೆಂಡತಿ ಮೆಣಸಿನಕಾಯಿಗೆ ಈಗ ಮುಳ್ಳಿನ ಬೇಲಿ ಕಟ್ಟಿದ್ದಳು.

ಓಣಿಯ ಕೊನೆಯ ಮನೆ. ಅತ್ತೆ ಹೊಸ್ತಿಲ ಪಕ್ಕ ಚಾಪೆಯ ಮೇಲೆ ಕೂತಿದ್ದರು, ಒಣಗಿ ಹಿಡಿಯಷ್ಟಾಗಿದ್ದರು. ಹೆಜ್ಜೆಯ ಸದ್ದಿಗೆ ಕೈ ಚಾಚಿದರು. ನಾನು ಯಾರೆಂದು ಹೇಳಲಿಲ್ಲ. ಪೊಟ್ಟಣ ಬಿಚ್ಚಿ ಅವರ ಅಂಗೈಗೆ ಒಂದು ಚಿಟಿಕೆ ಪುಡಿ ಹಾಕಿದೆ. ಅವರು ಅದನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ಚಪ್ಪರಿಸಿದರು.

"ಮೆಂತ್ಯ ಸೀದಿದೆ" ಎಂದರು. "ಹದ ಬಂತು ಅಂತ ಮೂಗು ಹೇಳುತ್ತೆ, ಕಣ್ಣು ಹೇಳುತ್ತೆ. ನೀನು ನಂಬಲ್ಲ. ಇರಲಿ ಅಂತ ಇನ್ನೊಂದು ಸುತ್ತು ಕೈಯಾಡಿಸ್ತೀಯ. ಚಿಕ್ಕವನಿದ್ದಾಗಿಂದಲೂ ಅದೇ. ನಾನು ಎದುರಿಗೆ ನಿಂತು ಇಳಿಸು ಅನ್ನೋಳು ಇರೋವರೆಗೂ ನಡೀತು. ಆಮೇಲೆ ಆ ಒಂದು ಸುತ್ತು ವರ್ಷ ವರ್ಷಕ್ಕೂ ಬೆಳೀತಾ ಹೋಯ್ತು, ಬಿಡಕ್ಕೆ ನಿನಗೆ ಆಗಲಿಲ್ಲ ಅಲ್ವಾ, ಕಿಟ್ಟಪ್ಪ?"

ನಾನು ಅವರ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹನ್ನೊಂದು ವರ್ಷದ ಮಾತನ್ನು ಹೇಗೆ ಶುರು ಮಾಡಬೇಕೋ ತಿಳಿಯದೆ, "ಅತ್ತೆ, ಅವತ್ತು ಪಂಕ್ತೀಲಿ..." ಎಂದೆ.

"ಎಷ್ಟು ಹೊತ್ತಿದೆ ನಿನಗೆ?"

"ಎಂಟೂಕಾಲಾಯ್ತು. ಒಂಬತ್ತರವರೆಗೆ."

"ಹಾಗಾದ್ರೆ ಅಳೋದು ಬಿಟ್ಟು ಒಲೆ ಹಚ್ಚು. ಗೂಡಿನಲ್ಲಿ ಮೆಂತ್ಯ ಇದೆ."

ಒಲೆ ಹಚ್ಚಿ ಬಾಣಲೆ ಇಟ್ಟು ಮೆಂತ್ಯ ಹಾಕಿದೆ. ಅತ್ತೆ ಬಾಗಿಲ ಕಡೆಯಿಂದ ಒಳಗೆ ಮುಖ ತಿರುಗಿಸಿ ಕೂತರು. ನಾನು ಕೈಯಾಡಿಸಿದೆ. ಕಾಳುಗಳು ಆಗಷ್ಟೇ ಹಳದಿ ಬಿಟ್ಟು ಕೆಂಪಿಗೆ ತಿರುಗುತ್ತಿದ್ದವು.

"ಇಳಿಸು" ಎಂದರು ಅತ್ತೆ.

ನನ್ನ ಕಣ್ಣಿಗೆ ಅದು ಇನ್ನೂ ಹಸಿಯೇ ಅನ್ನಿಸಿತು. ಇಳಿಸಿದೆ.